ಎಲ್ಲ ಕಾದಂಬರಿಗಳ ಅದೇ ನಾಯಕ

“ಈಗಿನ ಕಾದಂಬರಿಗಳು ನಿಮಗೆ ಹಿಡಿಸ್ತವೋ?” ಕುಮಟೆಗೆ ಹೆಣ್ಣು ನೋಡಲು ಹೋದಾಗ ಜಂಬದಿಂದ ನಾನೇ ಕೇಳಿದ್ದೆ. ಹುಡುಗಿ ತಲೆ ತಗ್ಗಿಸಲಿಲ್ಲ. “ಯಾರು ಬರೆದ್ರೂ ಒಂದೇ ಕಥೆ. ನಾಯಕ ಊರಿಗೆಲ್ಲ ಬುದ್ಧಿ ಹೇಳ್ತಾನೆ, ಅಮ್ಮನ ಎದುರು ಮಾತ್ರ ಬಾಯಿ ಬಿಡೂದಿಲ್ಲ. ನೀವು ಹ್ಯಾಂಗೆ?”

“ಛೆ, ನಾನು ಹುಲಿ” ಎಂದೆ.

ಪಕ್ಕದಲ್ಲಿದ್ದ ನನ್ನ ಅಮ್ಮ, “ನಮ್ಮನೆಗೆ ಬಂದ್ಮೇಲೆ ಪುಸ್ತಕ ಗಿಸ್ತಕ ಎಲ್ಲ ಬಂದ್, ತಂಗಿ. ಆತಾ?” ಅಂದಳು. ಹುಡುಗಿ ನನ್ನನ್ನೇ ನೋಡಿದಳು. ಹುಲಿ ತಟ್ಟೆಯಲ್ಲಿದ್ದ ಸಿಹಿ ಶಿರಾ ಮುಕ್ಕುತ್ತಿತ್ತು; ಇನ್ನೊಂದು ಸಲ ಬಡಿಸಿಕೊಂಡಿತು ಕೂಡ. ಹುಡುಗಿ ಒಪ್ಪಲಿಲ್ಲವೆಂದು ಆಮೇಲೆ ಹೇಳಿಕಳಿಸಿದರು.

ಈಗ ಯಾವ ಕಾದಂಬರಿ ತೆರೆದರೂ ಅದೇ ನಾಯಕ ಎದುರಾಗುತ್ತಾನೆ. ಬರೆದದ್ದನ್ನೇ ಬರೆಯುತ್ತಾರೆಂದು ಲೇಖಕರನ್ನು ಬೈಯಲು ಬಾಯಿ ತೆರೆದರೆ, ಆ ಶಿರಾ ಇನ್ನೂ ಗಂಟಲಲ್ಲೇ ಕೂತಿದೆ.