ರೇಡಿಯೋ ಪೆಟ್ಟಿಗೆಗೆ ಕಟ್ಟಿದ ಬಟ್ಟೆ

ಆ ದಿನ ಬೆಳಿಗ್ಗೆ ಎರಡು ಸಲ ಕರೆದರೂ ನನ್ನ ಯಜಮಾನರು ತಿಂಡಿಗೆ ಏಳಲಿಲ್ಲ. ಮಾವನವರ ಹಳೆಯ ರೇಡಿಯೋ ಪೆಟ್ಟಿಗೆಯ ಮುಂದೆ ಕೂತು, ಸ್ಪೀಕರ್ ಇದ್ದ ಜಾಗಕ್ಕೆ ಹೊಸ ಬಟ್ಟೆ ಬಿಗಿಯುತ್ತಿದ್ದರು. ಒಳಗಿನ ವಾಲ್ವುಗಳು ಸುಟ್ಟು ಎಷ್ಟೋ ವರ್ಷಗಳಾಗಿದ್ದವು. ಅವನ್ನೆಲ್ಲ ಬಿಚ್ಚಿ ತೆಗೆದು, ತುಕ್ಕು ಹಿಡಿದ ತಗಡಿನ ಡಬ್ಬದಲ್ಲಿದ್ದ ನಮ್ಮ ಕಂಪ್ಯೂಟರಿನ ಭಾಗಗಳನ್ನು ಈ ತೇಗದ ಪೆಟ್ಟಿಗೆಗೆ ಕೂರಿಸಿದ್ದರು.

"ನಿಮ್ಮಪ್ಪನ್ ರೇಡಿಯೋ ಹೊಟ್ಟೆ ಬಗ್ದುಬಿಟ್ಯಲ್ಲೋ," ಎಂದರು ಅತ್ತೆ, ನೂಲು ಸುತ್ತುತ್ತ.

"ಇಷ್ಟು ವರ್ಷ ಆಯುಧಪೂಜೆಗೆ ಸಂದನ ಹಚ್ಚಿಸ್ಕೊಂಡು ಸುಮ್ನೆ ಕೂತಿತ್ತಲ್ಲಮ್ಮಾ. ಇನ್ಮೇಲೆ ಕೆಲ್ಸ ಮಾಡಿ ಪೂಜೆ ಮಾಡಿಸ್ಕೊಳ್ಲಿ."

ರೇಡಿಯೋದ ಎಡಗಡೆಯ ಗುಂಡಿ ಮಾವನವರ ಕಾಲದಲ್ಲೇ ಕಳೆದಿತ್ತು. ಬಲಗಡೆಯದನ್ನು ಒತ್ತಿದರೆ ಕಂಪ್ಯೂಟರ್ ಶುರುವಾಗುವಂತೆ ಮಾಡಿದ್ದರು. ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಕೊಯಮತ್ತೂರಿನ ಉಕ್ಕಡಂನಲ್ಲಿ ಹಳೇ ಸಾಮಾನಿನ ಅಂಗಡಿಗಳಿವೆ, ಅಲ್ಲಿ ಇದರ ಜೋಡಿ ಹುಡುಕುತ್ತೇನೆ ಎಂದು ಹೊರಟರು.

"ಸಾಯಂಕಾಲ ಬಂದು ಎರಡೂ ಹಾಕ್ತೀನಿ. ಮೊದಲು ನೀನೇ ಒತ್ತು," ಎಂದು ಹೇಳಿಹೋದರು.

ಸಂಜೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಬಸ್ ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದಿದ್ದರಂತೆ. ನಾವು ನಮ್ಮೂರು ನೆಗಮಂನಿಂದ ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಿದ್ದರು.

ನನ್ನ ತವರು ಕೊಳ್ಳೇಗಾಲದ ಕಡೆ. ತಮಿಳುನಾಡಿನ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುವುದು ನನಗೊಬ್ಬಳಿಗೇ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು. ಕರ್ಮಗಳೆಲ್ಲ ಮುಗಿದ ಮೇಲೆ ನನ್ನನ್ನು ದುಃಖಕ್ಕಿಂತ ಹೆಚ್ಚಾಗಿ ಕಾಡಿದ್ದು ಆ ಪೆಟ್ಟಿಗೆಯ ಭಯ.

ಅವರು ಬರೆದ ಸೀರೆ ಅಂಚುಗಳೆಲ್ಲ ಅದರಲ್ಲಿದ್ದವು. ಹೂವೋ ಮಾವಿನಕಾಯಿಯೋ ನವಿಲೋ, ಮೊದಲು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು, ಅದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸಿ ಮಗ್ಗಕ್ಕೆ ಕಟ್ಟುತ್ತಿದ್ದರು. ಇನ್ನೊಂದು ಪ್ರತಿ ಎಲ್ಲೂ ತೆಗೆದಿಟ್ಟಿರಲಿಲ್ಲ. ಪೆಟ್ಟಿಗೆ ಕೆಟ್ಟರೆ ಅವರು ಬರೆದದ್ದೂ ಅವರ ಜೊತೆಗೇ ಹೋದಂತೆ.

ಗುಂಡಿಯಿಲ್ಲದ ತೂತಿಗೆ ಲಾಳಿಯ ಕಡ್ಡಿ ತೂರಿಸಿ ಒತ್ತಿದೆ. ಹಳೆಯ ಯಂತ್ರ, ತೆರೆದುಕೊಳ್ಳಲು ಹೊತ್ತು ಹಿಡಿಯುತ್ತದೆ. ಫೈಲುಗಳ ಸಾಲು ಕಾಣಿಸುವಷ್ಟರಲ್ಲಿ ಎಲ್ಲ ಆರಿಹೋಯಿತು. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಇನ್ನೂ ಬೇಗ ಆರಿತು. ರಿಪೇರಿಯವರಿಗೆ ಫೋನ್ ಮಾಡಿದರೆ, ಹಾರ್ಡ್ ಡಿಸ್ಕ್ ಹೋಗುತ್ತಿರಬಹುದು, ಸುಮ್ಮಸುಮ್ಮನೆ ಆನ್ ಮಾಡಬೇಡಿ, ಇಲ್ಲಿಗೆ ತನ್ನಿ ಎಂದರು. ಬಸ್ಸಿನ ಕುಲುಕಾಟದಲ್ಲಿ ಒಯ್ಯಲು ಧೈರ್ಯ ಸಾಲಲಿಲ್ಲ. ಅದರ ಮೇಲಿನ ಧೂಳನ್ನೂ ಒರೆಸದೆ ಬಿಟ್ಟೆ.

ಒಂದು ಶುಕ್ರವಾರ ಅತ್ತೆ ಮಗ್ಗಕ್ಕೆ ಊದುಬತ್ತಿ ತೋರಿಸಿ, ವಾಡಿಕೆಯಂತೆ ರೇಡಿಯೋಗೂ ತೋರಿಸಲು ಬಂದರು. ಮಗಳೇ ಎನ್ನುವ ಕಡೆ ಅವರು ನನ್ನನ್ನು ಕಣ್ಣು ಎನ್ನುತ್ತಾರೆ.

"ಹಾಕು ಕಣ್ಣು ಅದನ್ನ. ನಿದ್ದೆ ಹೋಗಿರೋ ಸಾಮಿಗೆ ಎಷ್ಟು ವಾರ ಊದುಬತ್ತಿ ತೋರ್ಸೋದು?"

"ಬೇಡ ಅತ್ತೆ. ಈ ಸಲ ಪೂರ್ತಿ ಹೋಗಿಬಿಟ್ಟರೆ?"

"ಹೋದ್ರೆ ಹೋಗ್ಲಿ. ನೀನು ದಿನಾ ಅದರ ಮುಂದೆ ಬಯಪಟ್ಟು ನಿಲ್ಲೋದ್ನ ನನ್ ಕೈಲಿ ನೋಡಾಕಾಗಲ್ಲ."

ಒತ್ತಿದೆ. ಒಳಗೆ ಫ್ಯಾನ್ ಗುಂಯ್ ಎಂದಿತು. ಅತ್ತೆಯ ಕೈಯಲ್ಲಿದ್ದ ಊದುಬತ್ತಿಯ ಹೊಗೆ ಬಟ್ಟೆಯ ಮುಂದೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಆ ಫ್ಯಾನ್ ಮುಂದಿನಿಂದ ಗಾಳಿ ಎಳೆದುಕೊಳ್ಳಬೇಕಾದದ್ದು. ಹೊಗೆ ಅಲುಗುತ್ತಲೇ ಇರಲಿಲ್ಲ. ನಾನು ಬಟ್ಟೆಯ ಮೂಲೆಯ ಮೊಳೆ ಕಿತ್ತೆ. ಹೊಗೆ ಬಾಗಿ ಒಳಗೆ ನುಗ್ಗಿತು.

ಆ ಬಟ್ಟೆ ನನ್ನ ಯಜಮಾನರೇ ನೇಯ್ದದ್ದು. ಬೆಳಕಿಗೆ ಹಿಡಿದಾಗ ಒಂದು ತೂತೂ ಕಾಣಬಾರದು, ಈ ಮನೆಯಲ್ಲಿ ಒಳ್ಳೆಯ ಬಟ್ಟೆಯೆಂದರೆ ಅದು. ಅಪ್ಪನ ರೇಡಿಯೋಗೆಂದು ಇನ್ನೂ ಒತ್ತಾಗಿ ನೇಯ್ದಿದ್ದರು. ಬೇರೆ ಯಾರಾದರೂ ಆಗಿದ್ದರೆ ಪೇಟೆಯಿಂದ ಯಾವುದೋ ಜಾಳು ಬಟ್ಟೆ ತಂದು ಹೊಡೆಯುತ್ತಿದ್ದರು, ಕಂಪ್ಯೂಟರ್ ಉಸಿರಾಡಿಕೊಂಡಿರುತ್ತಿತ್ತು. ಇದು ಗಾಳಿಯಿಲ್ಲದೆ ಕಾದು ಕಾದು ಆರಿಹೋಗುತ್ತಿತ್ತು, ಅಷ್ಟೇ.

ಅತ್ತೆ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಎಷ್ಟು ಚೆನ್ನಾಗಿ ನೇಯ್ದವ್ನೆ, ಪಾಪಿ."

ಬಟ್ಟೆ ಪೂರ್ತಿ ಬಿಚ್ಚಿ, ಫೈಲುಗಳನ್ನು ಪೆನ್ ಡ್ರೈವಿಗೆ ಹಾಕತೊಡಗಿದೆ. ಕೊನೆಯದು ಬರುವವರೆಗೂ ಅಂಗೈಯನ್ನು ಪೆಟ್ಟಿಗೆಯ ಮೇಲಿನಿಂದ ತೆಗೆಯಲಿಲ್ಲ. ಮರ ಬೆಚ್ಚಗಾಯಿತು, ಸುಡಲಿಲ್ಲ. ಕೊನೆಯಲ್ಲಿದ್ದದ್ದು ಅರ್ಧ ಬರೆದ ಒಂದು ಅಂಚು. ಬಳ್ಳಿ ಇತ್ತು, ಹೂವು ಇನ್ನೂ ಬಿಟ್ಟಿರಲಿಲ್ಲ.

ಬಟ್ಟೆಯಿಲ್ಲದೆ ಬಿಟ್ಟರೆ ಮಗ್ಗದ ಹತ್ತಿ ಧೂಳೆಲ್ಲ ಒಳಗೆ ಹೋಗುತ್ತದೆ. ಹಾಗಾಗಿ ಅತ್ತೆ ಮರುವಾರ ಎಳೆಗಳನ್ನು ದೂರ ದೂರ ಬಿಟ್ಟು ಒಂದು ಮೊಳ ನೇಯ್ದುಕೊಟ್ಟರು. "ಇದನ್ನ ನೇಯ್ದದ್ದು ನಾನು ಅಂತ ಯಾರ್ಗೂ ಹೇಳ್ಬೇಡ. ಇಷ್ಟು ಕೆಟ್ಟ ಬಟ್ಟೆ ನನ್ ಜನ್ಮದಲ್ಲಿ ನೇಯ್ದಿಲ್ಲ." ಯಜಮಾನರು ನೇಯ್ದ ಬಟ್ಟೆಯನ್ನು ಮಡಿಸಿ ಬೀರುವಿನಲ್ಲಿ ಇಟ್ಟಿದ್ದೇನೆ.

ಈಗ ಪೆಟ್ಟಿಗೆ ಇಡೀ ದಿನ ನಡೆಯುತ್ತದೆ. ಆದರೂ ಪ್ರತಿ ಸಲ ಒತ್ತಿದ ಮೇಲೆ ಅದರ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಆಸ್ಪತ್ರೆಯಲ್ಲಿ ಕೊಟ್ಟ ಚೀಲದಲ್ಲಿ ಗಡಿಯಾರ, ಕನ್ನಡಕ, ಫೋನು, ಹೋಗುವಾಗಿನ ಬಸ್ ಟಿಕೆಟ್ ಇದ್ದವು. ಅಂಗಿಯ ಜೇಬು ಖಾಲಿಯಿತ್ತು. ಉಕ್ಕಡಂಗೆ ಎರಡು ಸಲ ಹೋಗಿ ಅಂಗಡಿ ಅಂಗಡಿ ಕೇಳಿದೆ. ರೇಡಿಯೋ ಗುಂಡಿ ಕೇಳಿಕೊಂಡು ಒಬ್ಬರು ಬಂದದ್ದು ಯಾರಿಗೂ ನೆನಪಿಲ್ಲ. ಲಾಳಿಯ ಕಡ್ಡಿಯನ್ನು ಪೆಟ್ಟಿಗೆಯ ಮೇಲೆಯೇ ಇಟ್ಟುಕೊಂಡಿದ್ದೇನೆ. ಬಲಗಡೆಯ ಗುಂಡಿ ಇನ್ನೂ ಸಿಕ್ಕಿಲ್ಲ.