ಶೇಂಗಾದ ಮೊದಲ ಚಮಚ

ನಮ್ಮ ವಿದ್ಯಾಗಿರಿಯ ಮನೆಯಲ್ಲಿ ಮೂರು ವರ್ಷದಿಂದ ಶೇಂಗಾ ಹಿಂಡಿ, ಅಂದರೆ ಶೇಂಗಾದ ಚಟ್ನಿಪುಡಿ, ಇಲ್ಲ ಎಂದರೆ ಬಂದವರು ನಂಬುವುದಿಲ್ಲ. ರೊಟ್ಟಿಯ ಪಕ್ಕ ಹಿಂಡಿ ಇಲ್ಲದ್ದನ್ನು ಬಾಗಲಕೋಟೆಯಲ್ಲಿ ಊಟ ಎಂದು ಯಾರು ಒಪ್ಪುತ್ತಾರೆ? ಹಾಗೆ ನೋಡಿದರೆ ಈ ಕಾಳು ಸಮುದ್ರ ದಾಟಿ ಬಂದ ಪರದೇಶಿ. ನಾವೇ ಅದನ್ನು ಮನೆದೇವರ ಪ್ರಸಾದ ಮಾಡಿಕೊಂಡಿದ್ದೇವೆ. ಅಂಥದ್ದನ್ನು ಮನೆಯಿಂದ ಹೊರಹಾಕಿದವನು ನಾನೇ.

ಮಗಳು ಭೂಮಿಗೆ ಈಗ ಐದು ವರ್ಷ. ಅವಳು ಕೂಸಾಗಿದ್ದಾಗ, ಶೇಂಗಾ ಪಿತ್ತ ಎಂದು ಎರಡು ವರ್ಷ ಅದನ್ನು ಬಾಯಿಗೆ ಸೋಕಿಸಲಿಲ್ಲ. ನಾನು ಹೈಸ್ಕೂಲಿನ ಗಣಿತದ ಮಾಸ್ತರ. ನನ್ನ ಈ ಜಾಗರೂಕತೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ಬೀಗಿದ್ದೂ ಉಂಟು. ಕೊನೆಗೆ ನಾಗರ ಪಂಚಮಿಗೆ ಶೇಂಗಾ ಉಂಡಿ ಮುರಿದು ಕೊಟ್ಟೆವು. ತುಟಿ ಬಾತಿತು, ಮೈಯೆಲ್ಲ ದದ್ದೆದ್ದಿತು, ಉಸಿರು ಕಟ್ಟತೊಡಗಿತು. ದವಾಖಾನೆಗೆ ಓಡಿದೆವು; ಮರಳಿ ಬಂದವನೇ ಶೇಂಗಾದ ಡಬ್ಬಿಗಳನ್ನೆಲ್ಲ ಹೊರಹಾಕಿದೆ.

ಈಗ ಮಗನಿಗೆ ಆರು ತಿಂಗಳು. ಅವನಿಗೆ ಶೇಂಗಾದ ವಾಸನೆಯೂ ಬೇಡ ಎಂದು ನಾನು ಹಟ ಹಿಡಿದೆ. ಮಕ್ಕಳ ಡಾಕ್ಟರು ಅವನನ್ನು ಪೂರ್ತಿ ತಪಾಸಣೆ ಮಾಡಿ ನಕ್ಕರು.

“ತಡಾ ಮಾಡಬ್ಯಾಡ್ರಿ ಸರ್. ಈಗಿಂದ ಕೊಟ್ರ ಅಲರ್ಜಿ ಬರೂದು ಕಡಿಮಿ. ಇಡೀ ಕಾಳ ಮಾತ್ರ ಬ್ಯಾಡ. ನುಣ್ಣಗ ಅರದು, ತೆಳ್ಳಗ ಕಲಿಸಿ, ಚಮಚದ ತುದೀಲೆ ಶುರು ಮಾಡ್ರಿ. ಎರಡು ತಾಸು ಕಣ್ಣಿಡ್ರಿ.”

ಭಾನುವಾರ ಬೆಳಿಗ್ಗೆ ಭೂಮಿಯನ್ನು ದೂರ, ಹೊಸ್ತಿಲಾಚೆ ಕೂರಿಸಿ, ನನ್ನ ಹೆಂಡತಿ ಚಮಚದ ತುದಿಯನ್ನು ಕೂಸಿನ ತುಟಿಗೆ ಹಚ್ಚಿದಳು. ಚಪ್ಪರಿಸಿದ. ನಾನು ಪರೀಕ್ಷಾ ಕೊಠಡಿಯ ಮೇಲ್ವಿಚಾರಕನ ಹಾಗೆ ಅವನ ಮುಖವನ್ನೇ ನೋಡುತ್ತ ಕುಳಿತೆ. ಕೆಮ್ಮಿದರೆ ಎದ್ದು ನಿಂತೆ. ಸೀನಿದರೆ ಗಾಡಿಯ ಕೀಲಿ ಹುಡುಕಿದೆ. ಅಷ್ಟರಲ್ಲಿ ಕೆನ್ನೆಯ ಮೇಲೆ ಕೆಂಪು ಗುಳ್ಳೆ ಕಂಡಿತು!

“ಏಳ, ಏಳ! ದವಾಖಾನಿಗಿ ಹೋಗೂಣು!”

“ರೀ, ಅದು ನಿನ್ನಿ ಗುಂಗಾಡ ಕಡದದ್ದು. ಸುಮ್ಮ ಕುಂದರ್ರಿ,” ಎಂದಳು ಹೆಂಡತಿ. ಆದರೂ ಆ ಸೊಳ್ಳೆ ಕಚ್ಚಿದ ಗುರುತನ್ನು ಅವಳೂ ಎರಡೆರಡು ಸಲ ಮುಟ್ಟಿ ನೋಡಿದಳು.

ಎರಡು ತಾಸು ಕಳೆಯಿತು. ಏನೂ ಆಗಲಿಲ್ಲ. ಕೂಸು ಚಮಚಕ್ಕಾಗಿ ಕೈ ಚಾಚಿ ರಂಪ ತೆಗೆಯಿತು. ನನಗೆ ಅಳು ಬಂತು, ಅತ್ತುಬಿಟ್ಟೆ.

ಹೊಸ್ತಿಲಾಚೆಯಿಂದ ಭೂಮಿ ಕೇಳಿದಳು: “ಅಪ್ಪಾ, ನಾ ಸಣ್ಣಾಕಿ ಇದ್ದಾಗ ನನಗ್ಯಾಕ ಕೊಡಲಿಲ್ಲ?”

ಆಗ ಕೊಟ್ಟಿದ್ದರೆ ಅಲರ್ಜಿ ತಪ್ಪುತ್ತಿತ್ತು ಎಂದು ಯಾರೂ ಖಾತ್ರಿ ಕೊಡಲಾರರು. ಪಿತ್ತದ ನೆಪವೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತರಗತಿಯಲ್ಲಿ ಮಕ್ಕಳ ಉತ್ತರಕ್ಕೆ ದಿನವೂ ಕೆಂಪು ಗೆರೆ ಎಳೆಯುವವನು ಮಗಳೆದುರು ಎಷ್ಟೆಂದು ಜಾರಿಕೊಳ್ಳಬೇಕು?

“ನನಗ ಗೊತ್ತಿರಲಿಲ್ಲವ್ವಾ. ತಪ್ಪಾತು.”

ಅವಳು ಹೊಸ್ತಿಲ ತನಕ ಸರಿದು ಬಂದಳು.

“ಹಂಗಾರ ಬಿಡು. ನನ್ನ ಪಾಲಿಂದೂ ತಮ್ಮಗ ಕೊಡು.”