ಮುದುಕಪ್ಪನ ನಾಲ್ಕನೇ ಸುತ್ತು

ಮುದುಕಪ್ಪ ಯಶವಂತನಗರದ ಗಣಿಯೊಂದರ ವರ್ಕ್‌ಶಾಪಿನಲ್ಲಿ ಫಿಟ್ಟರ್. ಊರು ಪಾಪಿನಾಯಕನಹಳ್ಳಿ. ದಿನಾ ಬೆಳಿಗ್ಗೆ ಮೊಪೆಡ್ ಮೇಲೆ ಹೊಸಪೇಟೆಗೆ ಬಂದು, ಅಲ್ಲಿಂದ ನಮ್ಮ ಜೊತೆ ಕಂಪನಿ ಬಸ್ಸು ಹತ್ತುತ್ತಿದ್ದ. ನಾನು ಅದೇ ಗಣಿಯ ಸ್ಟೋರಿನಲ್ಲಿ ಗುಮಾಸ್ತ. ಹದಿನೆಂಟು ವರ್ಷ ಅವನ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೇನೆ.

ಆ ಹದಿನೆಂಟು ವರ್ಷವೂ ಬಸ್ಸಿನಲ್ಲಿ ಲೆಕ್ಕದ ಒಗಟು ಹಾಕುವವನು ಮುದುಕಪ್ಪನೇ. "ಒಂದು ಹಗ್ಗ ಹತ್ತು ತುಂಡು ಮಾಡಬೇಕಂದ್ರ ಎಷ್ಟು ಸಲ ಕೊಯ್ಯಬೇಕು?" ಎನ್ನುತ್ತಿದ್ದ. ಯಾರಾದರೂ ಅವಸರದಲ್ಲಿ "ಹತ್ತು" ಎಂದರೆ ಮುಗಿಯಿತು, ಸಂಡೂರು ಗುಡ್ಡ ಕಾಣುವ ತನಕ ಅವರನ್ನು ಬಿಡುತ್ತಿರಲಿಲ್ಲ. ಓದಿದ್ದು ಏಳನೇ ಇಯತ್ತೆ. ಡಿಪ್ಲೊಮಾ ಮಾಡಿದ ಹುಡುಗರನ್ನು ತಬ್ಬಿಬ್ಬು ಮಾಡುವುದರಲ್ಲಿ ಅವನಿಗೆ ವಿಶೇಷ ಖುಷಿ.

ಎರಡು ವರ್ಷದ ಹಿಂದೆ ಪಂಪಾವತಿ ಬಂದಳು. ಕಂಪ್ಲಿಯವಳು, ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಹೊಸಪೇಟೆಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ಗಣಿಯಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಜ್‌ನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮೊದಲ ತಿಂಗಳು ಮಾತೇ ಆಡಲಿಲ್ಲ. ಒಂದು ದಿನ ಲಾರಿಗಳ ಸಾಲು ಅಡ್ಡಬಂದು ಬಸ್ಸು ಅರ್ಧ ಗಂಟೆ ನಿಂತಿತು. ಮುದುಕಪ್ಪ ಎರಡು ಒಗಟು ಹಾಕಿ ಮುಗಿಸಿದ್ದ. ಪಂಪಾವತಿ ಪರ್ಸಿನಿಂದ ಒಂದು ರೂಪಾಯಿಯ ಎರಡು ನಾಣ್ಯ ತೆಗೆದು ಟಿಫಿನ್ ಡಬ್ಬಿಯ ಮುಚ್ಚಳದ ಮೇಲಿಟ್ಟಳು.

"ಅಣ್ಣಾರ, ನಾನೊಂದು ಕೇಳ್ಲಾ? ಈ ನಾಣ್ಯ ಅಲುಗಾಡಂಗಿಲ್ಲ. ಇನ್ನೊಂದು ಇದರ ಅಂಚಿಗೇ ಹತ್ತಿಕೊಂಡು, ಜಾರದಂಗ ಉರುಳಿ, ಒಂದು ಪ್ರದಕ್ಷಿಣಿ ಹಾಕಿ ಬರತೈತಿ. ಅದು ತನ್ನಷ್ಟಕ್ಕ ತಾನು ಎಷ್ಟು ಸುತ್ತು ತಿರುಗತೈತಿ?"

"ಇದೊಂದು ಲೆಕ್ಕಾನಾ?" ಎಂದು ಮುದುಕಪ್ಪ ನಕ್ಕ. "ಎರಡರದೂ ಅಳತಿ ಒಂದ ಐತಿ. ಒಂದ ಸುತ್ತು."

ಪಂಪಾವತಿ ಮೆಲ್ಲಗೆ ಉರುಳಿಸಿದಳು. ಮೇಲಿದ್ದ ನಾಣ್ಯ ಅರ್ಧ ದಾರಿ ಸಾಗಿ ಕೆಳಗೆ ಬರುವಷ್ಟರಲ್ಲೇ ಅದರ ಅಂಕಿ ಪೂರ್ತಿ ಒಂದು ಸುತ್ತು ತಿರುಗಿ ನೆಟ್ಟಗೆ ನಿಂತಿತ್ತು. ಪೂರ್ತಿ ಬಳಸಿ ಬಂದಾಗ ಎರಡು ಸುತ್ತು. ಇಡೀ ಬಸ್ಸು "ಹೋ" ಎಂದಿತು. ಡ್ರೈವರ್ ಕೂಡ ಎದ್ದು ಬಂದು ಇನ್ನೊಮ್ಮೆ ಮಾಡಿಸಿದ. ಮುದುಕಪ್ಪ ತಾನೇ ನಾಣ್ಯ ಇಸಿದುಕೊಂಡು ನಾಲ್ಕು ಸಲ ಉರುಳಿಸಿದ. ನಾಲ್ಕು ಸಲವೂ ಎರಡೇ.

"ಮಸ್ತ್ ಐತಿ," ಎಂದ. ಆದರೆ ಆ ದಿನ ಇಳಿಯುವ ತನಕ ಕಿಟಕಿಯ ಕಡೆಗೇ ಮುಖ.

ಅಂದಿನಿಂದ ಬಸ್ಸಿನಲ್ಲಿ ಜನ ಪಂಪಾವತಿಯ ಸುತ್ತ ಕೂರತೊಡಗಿದರು. "ಅಕ್ಕಾ, ಇವತ್ತು ಏನ್ ತಂದೀರಿ?" ಎನ್ನುವರು. ಮುದುಕಪ್ಪನ ಹಗ್ಗ, ಬುಟ್ಟಿ, ಬಾವಿಯ ಲೆಕ್ಕಗಳನ್ನು ಎಲ್ಲರೂ ಕೇಳಿ ಕೇಳಿ ಮುಗಿಸಿದ್ದರು. ಅವನು ಬಾಯಿ ತೆರೆದರೆ ಉತ್ತರ ಮೊದಲೇ ಬರುತ್ತಿತ್ತು. ಹೆಂಡತಿ ಭರಮಮ್ಮನ ಮುಂದೆ ಮಾತ್ರ ಹೊಟ್ಟೆಯಲ್ಲಿದ್ದುದನ್ನು ಕಾರುತ್ತಿದ್ದ. "ಮೊಬೈಲ್ ನೋಡಿ ಬಂದು ಹೇಳ್ತಾಳ. ಅದರಾಗೇನೈತಿ ಶ್ಯಾಣ್ಯಾತನ?" ಪಂಪಾವತಿ ನಕ್ಕರೆ ತನ್ನನ್ನು ನೋಡಿಯೇ ನಕ್ಕಳು ಎನಿಸುತ್ತಿತ್ತು. ಅವಳು ರಜೆ ಹಾಕಿದ ದಿನ ಉಲ್ಲಾಸ ಬರುತ್ತಿತ್ತು. ಆ ದಿನವೂ ಯಾರಾದರೂ "ಅಕ್ಕ ಬಂದಿಲ್ಲೇನ್ರಿ?" ಎಂದು ಕೇಳಿಬಿಟ್ಟರೆ ಅದೂ ಹೋಯಿತು. ಇದೆಲ್ಲ ಅವನೇ ನನಗೆ ಆಮೇಲೆ ಹೇಳಿದ್ದು.

ಒಂದು ಶನಿವಾರ ಪಂಪಾವತಿ ಅದೇ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿದಳು. ನಡುವಿನ ಚಕ್ರ ಸಣ್ಣದರ ಮೂರರಷ್ಟು ದೊಡ್ಡದು. ಸಣ್ಣದು ಅದನ್ನು ಒಮ್ಮೆ ಬಳಸಿ ಬಂದರೆ ಎಷ್ಟು ಸುತ್ತು? ಮುದುಕಪ್ಪ ಈ ಸಲ ಎಲ್ಲರಿಗಿಂತ ಮೊದಲೇ ಕೂಗಿದ: "ಆರು! ಅವತ್ತು ಒಂದಕ್ಕ ಎರಡು ಆತು. ಮೂರಕ್ಕ ಆರು."

"ಆರಲ್ಲಣ್ಣ, ನಾಲ್ಕು," ಎಂದಳು ಪಂಪಾವತಿ.

"ನಾಲ್ಕು ಎಲ್ಲಿಂದ ಬಂತು? ತೋರಿಸು ನೋಡೂಣು."

ತೋರಿಸಲು ಅವಳ ಬಳಿ ಆ ಅಳತೆಯ ಚಕ್ರಗಳಿರಲಿಲ್ಲ. "ಸೋಮವಾರ ನಾನ ತೋರಿಸ್ತೀನಿ" ಎಂದ ಮುದುಕಪ್ಪ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ವರ್ಕ್‌ಶಾಪಿನ ಹಳೇ ಸಾಮಾನು ತಡಕಿ ಅರವತ್ತು ಹಲ್ಲಿನ ಒಂದು ಗೇರ್, ಇಪ್ಪತ್ತು ಹಲ್ಲಿನ ಒಂದು ಗೇರ್ ತೆಗೆದ. ಹಲ್ಲಿಗೆ ಹಲ್ಲು ಕೂಡಿದರೆ ಜಾರುವ ಮಾತೇ ಇಲ್ಲ. ಸಣ್ಣದರ ಮೇಲೆ ಸೀಮೆಸುಣ್ಣದಿಂದ ಬಾಣ ಗೀಚಿ, ದೊಡ್ಡದನ್ನು ಹಿಡಿದಿಟ್ಟು, ಬಳಸಿ ಉರುಳಿಸಿದ. ಬಾಣ ನಾಲ್ಕು ಸಲ ಮೇಲೆ ನೋಡಿತು. ಎಡದಿಂದ ಉರುಳಿಸಿದ. ನಾಲ್ಕು. ಡಬ್ಬಿಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಗೇರುಗಳನ್ನು ಒಳಗೆ ತಳ್ಳಿ, ನೇರ ಶಿಫ್ಟಿನ ಉಸ್ತುವಾರಿ ಲಿಂಗರಾಜ್ ಸಾಹೇಬರ ಕೋಣೆಗೆ ಹೋದ. "ವೇಬ್ರಿಜ್‌ನ್ಯಾಗ ಆ ಹೆಣ್ಣುಮಗಳು ಡ್ರೈವರಗಳನ್ನ ಕೂಡಿಸ್ಕೊಂಡು ನಾಣ್ಯದ ಆಟ ಆಡಿಸ್ತಾಳ್ರಿ ಸರ. ಲಾರಿ ನಿಂತು ಬಿಡ್ತಾವ." ಹಾಗೆ ಒಂದೇ ಒಂದು ಸಲ, ಕರೆಂಟು ಹೋದಾಗ, ಆಗಿತ್ತು. ದಿನಾ ಆಗುತ್ತದೆ ಎಂದು ಹೇಳಿದ. ಒಂದು ಬೈಗುಳ ತಿನ್ನಲಿ ಎಂಬುದಷ್ಟೇ ಅವನ ಆಸೆ.

ಸೋಮವಾರ ಪಂಪಾವತಿ ಬಸ್ಸಿಗೆ ಬರಲಿಲ್ಲ. ಅವಳನ್ನು ಮಧ್ಯಾಹ್ನದ ಶಿಫ್ಟಿಗೆ ಹಾಕಿದ್ದರು. "ಮುದುಕಪ್ಪಣ್ಣ, ಲೆಕ್ಕ ಏನಾತು?" ಎಂದು ನಾನೇ ಕೇಳಿದೆ.

"ಮಾಡಿ ನೋಡೀನಿ. ಆರ ಐತಿ," ಎಂದ, ನನ್ನ ಮುಖ ನೋಡದೆ.

ನಾವು ನಂಬಿದೆವು. ಅವನಿಗೆ ಅವನ ಬಸ್ಸು ವಾಪಸ್ಸು ಸಿಕ್ಕಿತು. ಆದರೆ ಒಗಟು ಹಾಕಲಿಲ್ಲ. ಮನೆಯಲ್ಲೂ ಸರಿಯಾಗಿ ಉಣ್ಣುತ್ತಿರಲಿಲ್ಲವಂತೆ. ಪಂಪಾವತಿ ಇಲ್ಲದಿದ್ದರೂ ಅವಳ ಉತ್ತರ ಸರಿಯಾಗಿಯೇ ಇತ್ತು. ಅದನ್ನು ಬೇರೆ ಶಿಫ್ಟಿಗೆ ಹಾಕಿಸಲು ಬರುವಂತಿರಲಿಲ್ಲ. ಅವನಿಗೆ ಉರಿಯುತ್ತಿದ್ದುದು ಆ ನಾಲ್ಕನೆಯ ಸುತ್ತು. ದೊಡ್ಡದರ ಅಂಚು ಸಣ್ಣದರ ಮೂರರಷ್ಟು, ಸರಿ. ಮಿಕ್ಕ ಒಂದು ಎಲ್ಲಿಂದ ಬಂತು? ಅದು ಅವಳಿಗೆ ಗೊತ್ತಿರಬಹುದು, ತನಗೆ ಗೊತ್ತಿಲ್ಲ ಎಂಬುದು ಇನ್ನೂ ದೊಡ್ಡ ಉರಿ.

ಎರಡನೆಯ ಶನಿವಾರ ಸಂಜೆ ಭರಮಮ್ಮನ ಜೊತೆ ಊರಿನ ಹನುಮಪ್ಪನ ಗುಡಿಗೆ ಹೋದ. ಪ್ರದಕ್ಷಿಣೆ ಹಾಕುವಾಗ ಗುಡಿ ಬಲಗೈಗೇ ಇತ್ತು. ಬಾಗಿಲ ಮುಂದಿಂದ ಹೊರಟಾಗ ಮುಖ ದಕ್ಷಿಣಕ್ಕೆ. ಮೂಲೆ ತಿರುಗಿದ, ಪಡುವಣಕ್ಕೆ. ಗುಡಿಯ ಹಿಂದೆ ಬಡಗಣಕ್ಕೆ, ಆಮೇಲೆ ಮೂಡಣಕ್ಕೆ, ಬಾಗಿಲಿಗೆ ಬಂದಾಗ ಮತ್ತೆ ದಕ್ಷಿಣಕ್ಕೆ. ಮುದುಕಪ್ಪ ಅಲ್ಲೇ ನಿಂತುಬಿಟ್ಟ.

"ಏನಾತ್ರಿ?" ಎಂದಳು ಭರಮಮ್ಮ.

"ನಾನು ಎಲ್ಲೂ ಉರುಳಿಲ್ಲ. ಸುಮ್ಮನ ನಡದೀನಿ. ಆದ್ರೂ ನನ್ನ ಮೈ ಒಂದು ಸುತ್ತು ತಿರುಗೇತಿ ನೋಡು!"

ಉರುಳಿದ್ದಕ್ಕೆ ಮೂರು, ಬಳಸಿ ಬಂದದ್ದಕ್ಕೇ ಒಂದು. ಅಷ್ಟೇ! ಆ ಖುಷಿಯಲ್ಲಿ ಹೆಂಡತಿಗೆ ಎಲ್ಲ ಹೇಳಿಬಿಟ್ಟ, ಸಾಹೇಬರ ಹತ್ತಿರ ಹೋಗಿದ್ದನ್ನೂ ಸೇರಿಸಿ.

ಭರಮಮ್ಮ ಲೆಕ್ಕದ ಮಾತೆತ್ತಲಿಲ್ಲ. "ಆಕಿ ಮಗಳು ಸಾಲಿಯಿಂದ ಬಂದ್ರ ಬಾಗಿಲು ಯಾರು ತಗೀತಾರ್ರಿ ಈಗ?" ಎಂದಳು.

ಸೋಮವಾರ ಮುದುಕಪ್ಪ ಲಿಂಗರಾಜ್ ಸಾಹೇಬರ ಮುಂದೆ ನಿಂತು, ತಾನು ಹೇಳಿದ್ದು ಸುಳ್ಳು ಎಂದ. ಬೈಗುಳ ಅವನೇ ತಿಂದ. ಒಮ್ಮೆ ಬದಲಿಸಿದ ಡ್ಯೂಟಿ ಪಟ್ಟಿಯನ್ನು ತಿಂಗಳ ಕೊನೆಯ ತನಕ ಮತ್ತೆ ಮುಟ್ಟುವುದಿಲ್ಲ ಎಂದರು. ಆ ದಿನಗಳನ್ನು ಅವನು ಹೇಗೆ ಕಳೆದನೋ. ಒಂದನೇ ತಾರೀಖು ಪಂಪಾವತಿ ಬಸ್ಸು ಹತ್ತಿದಾಗ, ಅರಿವೆಯಲ್ಲಿ ಸುತ್ತಿದ್ದ ಎರಡು ಗೇರುಗಳನ್ನು ಸೀಟಿನ ಮೇಲಿಟ್ಟು ಎಲ್ಲರನ್ನೂ ಕರೆದ. ಉರುಳಿಸಿ ನಾಲ್ಕು ಸುತ್ತು ತೋರಿಸಿದ.

"ಪಂಪಾವತಿ ಹೇಳಿದ್ದ ಖರೆ. ಅವತ್ತ ನನಗ ಗೊತ್ತಾಗಿತ್ತು, ನಿಮಗ ಸುಳ್ಳು ಹೇಳೀನಿ. ಆಕಿ ಮ್ಯಾಲ ಸಾಹೇಬರಿಗೆ ಚಾಡಿ ಹೇಳಿದಾಂವನೂ ನಾನ. ಹೊಟ್ಟಿಕಿಚ್ಚು."

ಪಂಪಾವತಿ ಕಿಟಕಿಯ ಸರಳು ಹಿಡಿದುಕೊಂಡಳು. "ನನ್ನ ಮಗಳು ಇಷ್ಟು ದಿನ ಪಕ್ಕದ ಮನಿ ಕಟ್ಟಿಮ್ಯಾಲ ಕುಂತು ದಾರಿ ಕಾದಾಳಣ್ಣ," ಎಂದಳು. ಮುದುಕಪ್ಪ ಗೇರುಗಳನ್ನು ಅರಿವೆಯಲ್ಲಿ ಕಟ್ಟತೊಡಗಿದ.

ಒಂದು ವಾರ ಅವಳು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತಾನಾಗಿ ಕೇಳಿದಳು: "ಅಣ್ಣ, ಉತ್ತರ ನಾಲ್ಕು ಅಂತ ನನಗ ಗೊತ್ತಿತ್ತು. ಆ ಒಂದು ಹೆಚ್ಚು ಯಾಕ ಬರತೈತಿ ಅನ್ನೋದು ಇವತ್ತಿಗೂ ಗೊತ್ತಿಲ್ಲ. ನಿಮಗ ಗೊತ್ತೈತಾ?"

ಮುದುಕಪ್ಪ ಗುಡಿಯ ಪ್ರದಕ್ಷಿಣೆಯನ್ನು ಹೇಳಿದ. ತೊದಲಿದ, ದಿಕ್ಕು ತಪ್ಪಿಸಿದ, ಮತ್ತೆ ಮೊದಲಿಂದ ಹೇಳಿದ. ಪಂಪಾವತಿ ಕಣ್ಣು ಮುಚ್ಚಿ ಕೇಳಿ, "ಆಹಾ" ಎಂದಳು.

ಮುಂದಿನ ತಿಂಗಳು ಮಗಳ ಶಾಲೆಯಲ್ಲಿ ಮಕ್ಕಳನ್ನು ಧ್ವಜಕಂಬದ ಸುತ್ತ ನಡೆಸಿ ಪಂಪಾವತಿ ಇದನ್ನೇ ತೋರಿಸಿದಳಂತೆ. ಮಾಸ್ತರರು ಚಪ್ಪಾಳೆ ಹೊಡೆಸಿದರಂತೆ. ಮುದುಕಪ್ಪಣ್ಣ ಹೇಳಿಕೊಟ್ಟದ್ದು ಎಂದು ಅವಳು ಹೆಸರನ್ನೂ ಹೇಳಿದ್ದಳು. ಬಸ್ಸಿನಲ್ಲಿ ಅದನ್ನೆಲ್ಲ ವಿವರಿಸಿದಾಗ ಅವಳ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ನಮ್ಮ ಡ್ರೈವರಿಗೂ ಒಂದೇ ಸಲಕ್ಕೆ ತಿಳಿಯಿತು.

ಮುದುಕಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ: "ನನಗಿಂತ ಚಂದ ಹೇಳ್ತಾಳಪ. ಈಗೂ ಉರೀತೈತಿ ನೋಡು, ಸುಳ್ಳ್ಯಾಕ ಹೇಳ್ಲಿ."

ಹಾಗೆಂದು, ಅವಳ ಪಕ್ಕದ ಸೀಟಿಗೆ ಎದ್ದು ಹೋಗಿ, "ತಂಗಿ, ಸಣ್ಣ ಚಕ್ರ ದೊಡ್ಡದರ ಒಳಮೈಯಾಗ ಉರುಳಿದ್ರ ಎಷ್ಟಾಗತೈತಿ, ಹೇಳು" ಎಂದು ಕೇಳಿದ.